ಫೋನ್ ವಾಪಸ್ ಕೊಡುವ ಕಿಟಕಿ

ಜೆದ್ದಾದ ಮದುವೆ ಹಾಲ್‌ಗಳಲ್ಲಿ ಹೆಂಗಸರ ಫೋನನ್ನು ಬಾಗಿಲಲ್ಲೇ ತೆಗೆದಿಡುತ್ತಾರೆ, ಯಾರೂ ಫೋಟೊ ತೆಗೆಯಬಾರದೆಂದು. ನನ್ನದನ್ನು ವಾಪಸ್ ಪಡೆಯಲು ನಿಂತಿದ್ದೆ. ಮುಂದೆ ನನ್ನ ಮಗಳ ವಯಸ್ಸಿನ ಇಬ್ಬರು ಹುಡುಗಿಯರು, ಕುಣಿದು ಬೆವರಿದ್ದರು. ಒಬ್ಬಳು ಕಿಟಕಿಯೊಳಗಿನ ಹೆಂಗಸನ್ನು ಚಿಕ್ಕಮ್ಮನೆಂದು ಕರೆದು ಅವಸರ ಮಾಡಿದಳು.

“ಬೇಗ ಕೊಡಿ ಖಾಲಾ! ನನ್ ಫ್ರೆಂಡ್ ವಿಜ್ದಾನ್‌ಗೆ ಆ್ಯಪ್‌ನಲ್ಲಿ ದಿನಾ ಒಂದ್ ಫೋಟೊ ಕಳಿಸ್ಬೇಕು, ಎಷ್ಟ್ ದಿನ ತಪ್ಪಿಸಿಲ್ಲ ಅಂತ ಅದು ಲೆಕ್ಕ ಇಡುತ್ತೆ. ಇವತ್ತು ತಪ್ಪಿದ್ರೆ ವರ್ಷದ ಲೆಕ್ಕ ಎಲ್ಲಾ ಸೊನ್ನೆ!”

“ಏ ಜುಮಾನಾ, ಒಳಗೆ ಫೋನ್ ನೆನಪೇ ಇರ್ಲಿಲ್ವಲ್ಲೇ ನಿಂಗೆ!”

“ನಮ್ಮಜ್ಜಿ ಹಂಗೆ ಕುಣೀತಾರೆ ಅಂತ ಯಾರಿಗ್ ಗೊತ್ತಿತ್ತೇ!”

“ನೀನೂ ಕುಣಿದೆ, ಒಂಟೆ ಥರ!”

“ಮುಚ್ಚೇ ಬಾಯಿ!”

ಒಳಗೆ ದಫ್ ತಮಟೆಯ ಬಡಿತ ಮತ್ತೆ ಶುರುವಾಯಿತು.

“ಅಯ್ಯೋ, ಅಜ್ಜಿ ಕರೀತಿದಾರೆ ಕಣೇ!”

ಕಿಟಕಿಯಾಕೆ ಫೋನ್ ಚಾಚಿದಳು. ಜುಮಾನಾಳ ಕೈ ಅರ್ಧಕ್ಕೇ ನಿಂತಿತು.

“ನೀವೇ ಇಟ್ಕೊಂಡಿರಿ ಖಾಲಾ. ವಿಜ್ದಾನ್ ಬೈದ್ರೆ ಬೈಲಿ!”

ಇಬ್ಬರೂ ಒಳಗೆ ಓಡಿದರು.