ಎಲ್ಲಾ ಹಿಡೀತು ನೋಡು

…ಅಂಥಾ ದೊಡ್ಡ ಗಾಡಿ ನಮಗೆ ಬೇಡ ಅಂತ ಮೊದಲು ಹೇಳಿದ್ದು ನಾನಲ್ಲಪ್ಪಾ, ನಿನ್ನ ಭಾವ. ಇದನ್ನ ಈಗಲೇ ಹೇಳಿಬಿಡ್ತೀನಿ, ಆಮೇಲೆ ಎಲ್ಲಾ ತಂದು ಅಕ್ಕನ ತಲೆಗೆ ಕಟ್ಟಬೇಡ. ಆ ಡ್ರಮ್ಮು ಬಿಗಿಯೋ ಕೀ ಸ್ವಲ್ಪ ಕೆಳಗಿಡೋ. ನಿನ್ನ ಡ್ರಮ್ಮು ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಬಿಗಿ ಮಾಡಬಹುದು. ಟೀ ತಂದಿದೀನಿ, ಆರೋದರೊಳಗೆ ಕುಡಿ.

ಏನು? ಆಮೇಲೆ ಕುಡೀತೀಯಾ? ಸರಿ ಬಿಡು.

ಭಾವ ಆ ಮಾತು ಅಂದಾಗ ನಾನಂತೂ ಟೀ ಮಾಡ್ತಿದ್ದೆ. ನಮ್ಮ ಬ್ಯಾಂಡಿನ ಯಾವ ತೀರ್ಮಾನ ನಾನು ಅಡುಗೆಮನೆಯಲ್ಲಿ ಇಲ್ಲದಾಗ ಆಗಿದೆ ಹೇಳು? ಹಾಡೋದು ನಾನು, ಪೋಸ್ಟರಿನಲ್ಲಿ ಮುಖ ನಂದು, ಮಾತುಕತೆ ಶುರುವಾದ್ರೆ ಮಾತ್ರ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳೋದು ನನ್ನ ಪಾಲು. ನಗು, ನಗು. ನಿನಗಾದರೂ ನಗು ಬಂತಲ್ಲ.

ಹಳೇ ವ್ಯಾನು ಮಾರಲೇಬೇಕಿತ್ತು ಕಣೋ. ಮೊನ್ನೆ ಆ ಮದುವೆ ಪ್ರೋಗ್ರಾಂಗೆ ಹೋಗ್ತಾ ಅರ್ಧ ದಾರಿಯಲ್ಲಿ ಹೊಗೆ ಉಗುಳಿ ಮಲಗಿಬಿಡ್ತಲ್ಲ! ಹಿಂದಿನಿಂದ ಬಂದ ಕಾರು ನಿಲ್ಲಿಸಿದ್ರೆ ಅದರೊಳಗೆ ಮದುಮಗನೇ! ಪಾಪ, ತೊಡೆ ಮೇಲೆ ನಮ್ಮ ಸ್ಪೀಕರ್ ಇಟ್ಕೊಂಡು ಮದುವೆಗೆ ಬಂದ. ಹುಡುಗಿ ಕಡೆಯವರು ಉಡುಗೊರೆ ಅಂದ್ಕೊಂಡ್ರು. ಮತ್ತೆ ಆ ಪಕ್ಕದ ಬಾಗಿಲು… ಅದನ್ನ ಒಳಗಿಂದ ಕಾಲು ಕೊಟ್ಟು ಒತ್ತಿ ಹಿಡ್ಕೊಂಡು ಬರ್ತಿದ್ದವನೇ ನೀನು. ತಿರುವು ಬಂದಾಗೆಲ್ಲ ನಿನ್ನ ಭಾವ "ಭಾಮೈದಾ, ಬಾಗಿಲು!" ಅಂತ ಕೂಗೋದು, ನೀನು ನಿದ್ದೆಗಣ್ಣಲ್ಲೇ ಕಾಲು ಚಾಚೋದು. ಇನ್ನು ಆ ಕಷ್ಟ ಇಲ್ಲ ನಿನಗೆ.

ಅಂದ್ರೆ… ಗಾಡಿ ಹೊಸದು ಅಂತ ಹೇಳಿದೆ. ಬಾಗಿಲು ಸರಿ ಇದೆ ಅಂತ.

ನಾವೇನು ಮೊದಲು ಕಂಡದ್ದನ್ನೇ ತಂದುಬಿಡಲಿಲ್ಲ. ಮೊದಲು ಒಂದು ಟೆಂಪೋ ನೋಡಿದ್ವಿ. ಹಿಂದೆ ಜಾಗ ಅಂದ್ರೆ ಜಾಗ! ಒಂದು ಸಂಸಾರ ಹೂಡಬಹುದು ಅಷ್ಟು. ಆದ್ರೆ ನಿನ್ನ ಭಾವ ಅಂದದ್ದೂ ಸುಳ್ಳಲ್ಲ, ದೊಡ್ಡ ಹೋಟೆಲ್ ಮುಂದೆ ಅದರಲ್ಲಿ ಹೋಗಿ ಇಳಿದ್ರೆ ತರಕಾರಿ ಬಂತು ಅಂತ ಹಿಂಬಾಗಿಲಿಗೆ ಕಳಿಸ್ತಾರೆ. ನಾನು ಜರಿ ಸೀರೆ ಉಟ್ಕೊಂಡು ಆಲೂಗಡ್ಡೆ ಮೂಟೆಯ ಪಕ್ಕದಲ್ಲಿ ನಿಂತಿರೋದನ್ನ ಊಹೆ ಮಾಡ್ಕೋ. ಏನು ಹಾಗೆ ನೋಡ್ತೀಯಾ? ಹೌದು, ಅದರಲ್ಲಿ ದೊಡ್ಡ ಡ್ರಮ್ಮು ಹಿಡೀತಿತ್ತು. ಎರಡು ಬೇಕಾದ್ರೂ ಹಿಡೀತಿತ್ತು. ಆ ಮಾತು ಬೇರೆ.

ಆಮೇಲೆ ಹಿಂದೆಲ್ಲ ತೆರೆದಿರೋ ಒಂದು ಗಾಡಿ. ಒಂದು ಮಳೆ ಹೊಡೆದ್ರೆ ಆಂಪ್ಲಿಫೈಯರ್ ಒಳಗೆ ಮೀನು ಸಾಕಬಹುದು. ಕೀಬೋರ್ಡಿನವನು ಅದನ್ನ ನೋಡಿದ ತಕ್ಷಣ ತನ್ನ ಕೀಬೋರ್ಡನ್ನ ಮಗು ಥರ ಎದೆಗೆ ಅವುಚಿಕೊಂಡ. ಅವನಿಗೆ ಆ ವಸ್ತುವಿನ ಮೇಲೆ ಈಚೆಗೆ ಪ್ರೀತಿ ಜಾಸ್ತಿಯಾಗಿದೆ. ಯಾಕೋ ಏನೋ.

ಕೊನೆಗೆ ಈ ಕಾರು. ಬೂದು ಬಣ್ಣ, ಮೆತ್ತನೆ ಸೀಟು, ಬಾಗಿಲು ಹಾಕಿದ್ರೆ ಹಾಕಿದ್ದೇ ಗೊತ್ತಾಗಲ್ಲ. ಕಿಟಕಿಯಿಂದ ನೋಡು, ಆ ಬೇವಿನ ಮರದ ಕೆಳಗೆ ನಿಂತಿದೆ. ಚೆನ್ನಾಗಿಲ್ವಾ? "ಚೆನ್ನಾಗಿದೆ" ಅಂತ ಒಂದು ಮಾತು ಅಂದ್ರೆ ನಿನ್ನ ಬಾಯಿ ಸವೆಯುತ್ತಾ?

ಸುಮ್ಮನೆ ಅಂದಾಜಿನ ಮೇಲೆ ತಗೊಂಡಿಲ್ಲ ಮತ್ತೆ! ಸಾಮಾನೆಲ್ಲ ಷೋರೂಮಿಗೆ ಒಯ್ದು, ಒಂದೊಂದಾಗಿ ತುಂಬಿಯೇ ನೋಡಿದ್ವಿ. ನೀನು ಹಲ್ಲಿನ ಡಾಕ್ಟರ ಹತ್ರ ಹೋಗಿದ್ದೆಯಲ್ಲ, ಆ ಬೆಳಿಗ್ಗೆ. ಬೇಕು ಅಂತ ಆ ದಿನ ಆರಿಸಲಿಲ್ಲ ಕಣೋ… ಷೋರೂಮಿನವರು ಅವತ್ತೇ ಬನ್ನಿ ಅಂದ್ರು. ತಗೋ, ಫೋನಲ್ಲಿ ಫೋಟೋ ಇದೆ. ಸ್ಪೀಕರ್, ಆಂಪ್ಲಿಫೈಯರ್, ಮೈಕ್ ಸ್ಟ್ಯಾಂಡು, ಸ್ಯಾಕ್ಸೋಫೋನಿನವನ ಪೆಟ್ಟಿಗೆ, ನಿನ್ನ ಭಾವನ ಗಿಟಾರು. ಎಲ್ಲಾ ಹಿಡೀತು ನೋಡು! ಹಿಂದಿನ ಸೀಟಲ್ಲಿ ಒಂದು ಭಾಗ ಮಡಚಿದ್ರೆ ಕೀಬೋರ್ಡು ಉದ್ದಕ್ಕೆ ಮಲಗುತ್ತೆ. ಅಳತೆ ಕೊಟ್ಟು ಮಾಡಿಸಿದ ಹಾಗೆ!

ಮಿಕ್ಕಿದ್ದು ನಾಲ್ಕು ಸೀಟು. ಮುಂದೆ ನಿನ್ನ ಭಾವ ಮತ್ತೆ ನಾನು, ಹಿಂದೆ ಅವರಿಬ್ಬರು.

ಯಾಕೆ ಬೆರಳು ಮಡಚ್ತಿದೀಯಾ?

ಅದು… ಒಬ್ಬರು ಬೈಕಲ್ಲಿ ಬಂದ್ರಾಯ್ತು ಅಂತ. ಯಾರಾದರೂ. ನೀನೇ ಅಂತ ನಾನು ಅಂದ್ನಾ?

ಏನು, ಫೋಟೋನ ಅಷ್ಟು ದೊಡ್ಡದು ಮಾಡಿ ಏನು ಹುಡುಕ್ತೀಯಾ? ಓ… ಡ್ರಮ್ಮಾ? ಅದು ಇಲ್ಲೇ ಇತ್ತಲ್ಲ. ಒಯ್ದಿರಲಿಲ್ಲ. ನಿನ್ನ ಸಾಮಾನು ನಿನ್ನ ಕೇಳದೆ ಯಾರು ಮುಟ್ಟೋದು ಅಂತ… ನಿನ್ನ ಸಿಟ್ಟು ಗೊತ್ತಿಲ್ವಾ ನಮಗೆ? ಡಿಕ್ಕಿಯಲ್ಲಿ ಇನ್ನೂ ಜಾಗ ಇದೆಯಪ್ಪಾ. ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತೆ ಅಷ್ಟೇ. ಅಗಲ ಎಷ್ಟು ಗೊತ್ತಾ? ಇಷ್ಟು! ನನ್ನ ಕೈ ನೋಡು, ಇಷ್ಟು ಅಗಲ, ನಾನೇ ಒಳಗೆ ಬಗ್ಗಿ ಅಳೆದು…

ಅಯ್ಯೋ, ಅದನ್ನ ಯಾಕೆ ಉರುಳಿಸ್ಕೊಂಡು ಬರ್ತೀಯಾ? ಬೇಡ ಕಣೋ. ನನ್ನ ಕೈ ಮಧ್ಯೆ ಯಾಕೆ ತಂದು ನಿಲ್ಲಿಸ್ತೀಯಾ… ಇರು, ಇರು, ಕೈ ಸ್ವಲ್ಪ ಅಗಲ ಮಾಡ್ತೀನಿ. ಇನ್ನೂ ಸ್ವಲ್ಪ…

ಹೌದು. ಕೈ ಅಗಲ ಮಾಡಬಹುದು, ಡಿಕ್ಕಿನ ಅಗಲ ಮಾಡಕ್ಕಾಗಲ್ಲ.

ಮೇಲೆ ಕ್ಯಾರಿಯರ್ ಹಾಕಿಸೋಣ ಅಂತ ನಾನೇ ಹೇಳಿದೆ. ನಿನ್ನಾಣೆ ಹೇಳಿದೆ. ಬಣ್ಣ ಕೆರೆಯುತ್ತೆ ಅಂದ್ರು ನಿನ್ನ ಭಾವ. ಮೊದಲಿಂದಲೂ ಗಾಡಿ ತುಂಬೋ ಪದ್ಧತಿ ನೀನೇ ಹಾಕಿಕೊಟ್ಟದ್ದು ಅಲ್ವಾ? ಮೊದಲು ದೊಡ್ಡ ಡ್ರಮ್ಮು, ಆಮೇಲೆ ಅದರ ಸುತ್ತ ಮಿಕ್ಕಿದ್ದೆಲ್ಲ. "ಇದು ಕೂತ್ರೆ ಎಲ್ಲಾ ಕೂರುತ್ತೆ" ಅಂತಿದ್ದೆ. ಷೋರೂಮಲ್ಲಿ ಯಾವುದನ್ನ ಮೊದಲು ಇಡಬೇಕು ಅಂತಲೇ ಗೊತ್ತಾಗದೆ ನಾವು ನಾಲ್ಕೂ ಜನ ಮುಖ ಮುಖ ನೋಡ್ತಾ ನಿಂತ್ವಿ, ಗೊತ್ತಾ? ಆಮೇಲೆ ಕೀಬೋರ್ಡಿನವನು "ಇದನ್ನ ಇಡೋಣ" ಅಂತ ಅವನದ್ದನ್ನ ಇಟ್ಟ.

ಈಗಿನ ಕೀಬೋರ್ಡಲ್ಲಿ ಏನೇನೋ ಇರುತ್ತೆ ಬಿಡು. ಅವನದ್ದರಲ್ಲಿ ಒಂದು ಗುಂಡಿ ಇದೆ. ನಾನು ಹಾಡು ಎತ್ತಿಕೊಳ್ಳೋಕೆ ಮುಂಚೆ ನೀನು ಎರಡು ಏಟು ಕೊಡ್ತೀಯಲ್ಲ, ಅದು ಕೇಳದೆ ನನ್ನ ಗಂಟಲು ತೆರೆಯಲ್ಲ ಅಂತ ನೀನು ಯಾವಾಗಲೂ ಆಡ್ಕೋತೀಯಲ್ಲ… ಆ ಗುಂಡಿ ಒತ್ತಿದ್ರೆ ಅದೂ ಎರಡು ಏಟು ಕೊಡುತ್ತೆ. ಒಂಚೂರೂ ಆಚೀಚೆ ಆಗಲ್ಲ. ನಾನು ಹಾಡಿ ನೋಡಿದೆ, ಸರಿಯಾಗೇ…

ಯಾವಾಗ ಹಾಡಿದ್ದು ಅಂದ್ರೆ… ಸುಮ್ಮನೆ. ಆಟಕ್ಕೆ.

ಸಣ್ಣವನಿದ್ದಾಗ ಪಾತ್ರೆ ಬಡಿದೂ ಬಡಿದೂ ಮನೆಯವರ ತಲೆ ಚಿಟ್ಟು ಹಿಡಿಸ್ತಿದ್ದವನು ನೀನು. ಈಗ ನೋಡಿದ್ರೆ… ಏನು ತೆಗೀತಿದೀಯಾ? ಡ್ರಮ್ಮಿನ ಚೀಲದಿಂದ ಏನದು?

ನನ್ನ ಚಪ್ಪಲಿ.

ಅಲ್ಲೇ ಇರಲಿ. ಅಲ್ಲೇ ಇರಲಿ ಬಿಡೋ, ಅದರ ಜಾಗ ಅದೇ ತಾನೇ? ಹಳೇ ಜೊತೆ ಆಂಪ್ಲಿಫೈಯರ್ ಕೆಳಗೆ ಸಿಕ್ಕಿ ಮುರಿದಾಗ ನಾನು ಬರಿಗಾಲಲ್ಲಿ ನಿಂತು ಹಾಡಿದ್ದೆ. ಆವತ್ತಿಂದ ನನ್ನ ಎತ್ತರದ ಚಪ್ಪಲಿ ನಿನ್ನ ಡ್ರಮ್ಮಿನ ಪಕ್ಕದಲ್ಲೇ ಪ್ರಯಾಣ ಮಾಡಿದ್ದು. ಬಟ್ಟೆಯಲ್ಲಿ ಸುತ್ತಿ ಇಟ್ಟಿದೀಯಾ… ಈ ಬಟ್ಟೆ ನಿನ್ನ ಹಳೇ ಅಂಗಿ ಅಲ್ವಾ? ನನಗೆ ಗೊತ್ತೇ ಇರಲಿಲ್ಲ.

ಬೇಡ, ನನ್ನ ಕೈಗೆ ಕೊಡಬೇಡ. ನಾನು ಎಲ್ಲಿ ಇಟ್ಕೊಳ್ಳಲಿ? ಆ ಗಾಡಿಯಲ್ಲಿ ಜಾಗ ಇಲ್ಲ ಕಣೋ.

ಬೈಯೋ. ಬಾಯಿಗೆ ಬಂದ ಹಾಗೆ ಬೈದುಬಿಡು.

…

ಭಾವ ಆ ಮಾತು ಅಂದ ದಿನ ನಾನು ಟೀ ಮಾಡ್ತಿರಲಿಲ್ಲ. ಅಲ್ಲೇ ಕೂತಿದ್ದೆ. ಗಾಡಿ ಮಾತು ಬಂದದ್ದು ಆಮೇಲೆ. ಮೊದಲು ಬಂದದ್ದು ಆ ಗುಂಡಿಯೇ ಸಾಕು ಅನ್ನೋ ಮಾತು. ಎಲ್ಲರೂ ಆಗಲಿ ಅಂದ್ರು, ನನ್ನ ಮುಖ ನೋಡಿದ್ರು. ನಾನು… ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದೆ.

ಒಳಗೆ ಮೂವರೂ ಕಾಯ್ತಾ ಕೂತಿದ್ದಾರೆ. "ನಿನ್ನ ತಮ್ಮ ತಾನೇ, ನೀನೇ ಹೇಳು" ಅಂತ ನನ್ನ ಕೈಗೆ ಟೀ ಕೊಟ್ಟು ಕಳಿಸಿದ್ರು. ನೋಡು, ಅದೂ ಆರಿಹೋಯ್ತು. ಇಷ್ಟು ಹೊತ್ತು ನಾನು ಗಾಡಿ ವಿಷಯ ಬಿಟ್ಟು ಬೇರೆ ಒಂದು ಮಾತು ಆಡಿದೀನಾ? ಇಲ್ಲ ಅಲ್ವಾ?

ಒಂದು ಉಪಕಾರ ಮಾಡೋ. ನಿನ್ನ ಅಕ್ಕನಿಗೆ ಇದೊಂದು. ಒಳಗೆ ಹೋದಾಗ ನಿನ್ನ ಭಾವ ಕೇಳ್ತಾರೆ. ಅಕ್ಕ ಹೇಳಿದ್ಲು ಅಂತ ಹೇಳು. ಕೂರಿಸ್ಕೊಂಡು ಎಲ್ಲಾ ಬಿಡಿಸಿ ಹೇಳಿದ್ಲು ಅಂತ.

ಹೇಳ್ತೀಯಾ ತಾನೇ?