ಸಾವಿರದ ಒಂಬತ್ತು ತೆಂಗಿನಕಾಯಿ

ಚಳ್ಳಕೆರೆಯಲ್ಲಿ ಮೊಳಕಾಲ್ಮುರು ಬಸ್ಸಿಗೆ ಕಾಯುತ್ತಿದ್ದ ವನಜಾಕ್ಷಿಯ ಕಿವಿ ಪಕ್ಕದ ಗಂಡ ಹೆಂಡಿರ ಕಡೆಗೇ ಇತ್ತು. ಅವರ ಕಾಲ ಬಳಿ ತೆಂಗಿನಕಾಯಿ ಚೀಲ.

“ತಾಂಬೂಲಕ್ಕೆ ಸಾವಿರದೊಂದು ಕಾಯಿ ತಂದಾಗೈತಲ್ರೀ, ಇನ್ನೂ ಎಂಟು ಯಾಕೆ?”

“ಅಳಿಯ ಆಗೋನು ಗಣಿತದ ಮೇಷ್ಟ್ರಲ್ವೇನೇ ವೀರಮ್ಮ. ಸಾವಿರದೊಂದನ್ನ ಏಳು ಪಾಲು ಮಾಡಿದ್ರೆ ಸಮ ಬರ್ತೈತಂತೆ, ಸಂಸಾರ ಒಡೀತೈತಂತೆ. ಸಾವಿರದ ಒಂಬತ್ತು ಅವಿಭಾಜ್ಯವಂತೆ, ಹೆಂಗೆ ಪಾಲು ಹಾಕಿದ್ರೂ ಸಮ ಬರಲ್ವಂತೆ. ಅಷ್ಟು ಇಲ್ದಿದ್ರೆ ತಾಳಿ ಕಟ್ಟಲ್ಲ ಅಂತಾನೆ.”

“ಮೊದಲ್ನೇ ನೆಂಟ ಒಂದು ತಗೊಂಡು ಹೋದ್ರೆ?”

ಗಂಡ ಬೆರಳು ಮಡಚಿ ಲೆಕ್ಕ ಹಾಕಿದ. “ಸಾವಿರದೆಂಟು. ಅಯ್ಯೋ, ಎರಡು ಪಾಲಿಗೇ ಒಡೀತೈತೆ!”

ಬಸ್ಸು ಬಂತು. ವೀರಮ್ಮ ಚೀಲ ಎತ್ತಿಕೊಂಡಳು.

“ಮಗಳ ಕೊರಳಿಗೆ ತಾಳಿ ಬೀಳೋ ತನಕ ಒಂದು ಕಾಯೂ ಹಂಚಬ್ಯಾಡ್ರಿ. ಆಮೇಲೆ ಅವನ ಗಣಿತ ಯಾರಿಗೆ ಬೇಕು, ಹತ್ರಿ!”