ಹೆಸರು ಕೇಳಿದವಳು

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಕ್ಕರೆ ನನಗೆ ಸಿಟ್ಟು ಬರುತ್ತೆ.

ನನ್ನ ದೊಡ್ಡಮ್ಮನ ಮಗ ದಸೂಕಿ ಕೈರೋ ಪಕ್ಕದ ಬುಲಾಕ್‌ನಲ್ಲಿ ದೋಣಿ ನಡೆಸ್ತಿದ್ದ. ಒಂದಿನ ಸಂಜೆ ನಮಾಜು ಮುಗಿಸಿ ನೈಲ್ ದಂಡೆ ಮೇಲೆ ಒಬ್ಬನೇ ಬರ್ತಿದ್ದ. ದೊಡ್ಡ ಅತ್ತಿಮರದ ಹತ್ತಿರ… ಚರ್ರ್. ಹಳೇ ಬಟ್ಟೆ ಹರಿದ ಸದ್ದು. ನಿಂತ. ಸದ್ದೂ ನಿಂತಿತು. ಮತ್ತೆ ಹೆಜ್ಜೆ ಇಟ್ಟ… ಚರ್ರ್.

ಅದಕ್ಕೆ ಮುಂಚೆ ನಡೆದದ್ದು ಹೇಳ್ತೀನಿ, ಕೇಳಿ. ಈಗ ಕೈರೋ ನಡುವೆ ಹೊಸ ಕಟ್ಟಡದಲ್ಲಿ ಮೆರೀತಿರೋ ಮ್ಯೂಸಿಯಂ ಆಗ ನಮ್ಮ ಬುಲಾಕ್‌ನ ನದಿ ದಂಡೇಲಿತ್ತು. ಫೇರೋಗಳ ಕಾಲದ ವಿಗ್ರಹ, ಒಡವೆ, ಕೆಡದ ಹಾಗೆ ಬಟ್ಟೆ ಸುತ್ತಿಟ್ಟ ಹೆಣ ಎಲ್ಲ ಅಲ್ಲೇ. ಆ ವರ್ಷದ ನೆರೆ ಒಳಗೆ ನುಗ್ಗಿತು. ಕಾವಲುಗಾರರು, ಪಾಪ, ಎದೆಮಟ್ಟ ನೀರಲ್ಲಿ ನಿಂತು ಸಾಮಾನು ಎತ್ತಿಡ್ತಿದ್ರು. ಆ ಗಲಾಟೇಲಿ ಶಲಬಿ ಅನ್ನೋ ದಲ್ಲಾಳಿ ಒಂದು ಹೆಣದ ಪೆಟ್ಟಿಗೆ ಕದ್ದ, ಒಳಗಿದ್ದ ಹೆಂಗಸಿನ ಸಮೇತ. ದೊಣ್ಣೆ ಹಿಡಿದವರನ್ನ ಕರಕೊಂಡು ಬಂದು ಅದನ್ನ ದಸೂಕಿಯ ದೋಣಿಗೆ ಹಾಕಿಸಿದ.

ಅದೇ ಹೊತ್ತಿಗೆ ದೊಡ್ಡಮ್ಮ ಮಾಳಿಗೆ ಮೇಲಿಂದ ಕೂಗ್ತಿದ್ಲು. "ಮಗಾ… ಗೋಡೆ ಅಲುಗ್ತಿದೆ, ಬಾರೋ!"

ದಸೂಕಿ ಶಲಬಿಯ ಕಾಲು ಹಿಡಿದ. "ಯಜಮಾನ್ರೇ, ಅವ್ವನ್ನ ಇಳಿಸ್ಕೊಂಡು ಬಂದುಬಿಡ್ತೀನಿ."

"ಮುದುಕಿ ಎಲ್ಲೂ ಓಡಿಹೋಗಲ್ಲ ಕಣೋ. ಇದು ಕೈತಪ್ಪಿದ್ರೆ ಮತ್ತೆ ಸಿಗಲ್ಲ. ಹುಟ್ಟು ಹಾಕು!"

ಬೆನ್ನಿಗೆ ಏಟು ಬಿತ್ತು. ಹಾಕಿದ. ಆಚೆ ದಡದಲ್ಲಿ ಅದನ್ನ ಕೊಳ್ಳೋ ಖವಾಜಾನ, ಅಂದ್ರೆ ಪರದೇಶದ ಸಾಹೇಬನ, ಹಡಗು ಕಾಯ್ತಿತ್ತು. ಇವನು ವಾಪಸ್ ಬಂದಾಗ ಮನೆ ಇದ್ದ ಜಾಗದಲ್ಲಿ ಕೆಂಪು ನೀರು… ಅಷ್ಟೇ. ದೊಡ್ಡಮ್ಮನ ಹೆಣ ಕೂಡ ಸಿಗಲಿಲ್ಲ.

ಅದಾಗಿ ಕೆಲವು ದಿನಕ್ಕೆ, ನಾನು ಮೊದಲು ಹೇಳಿದ ಆ ಸಂಜೆ, ಅತ್ತಿಮರದ ಕೆಳಗೆ ಪೆಟ್ಟಿಗೆಯ ಹೆಂಗಸು ಕೂತಿದ್ದಳು. ಮೈಗೆ ಸುತ್ತಿದ್ದ ಬಟ್ಟೇನ ತಾನೇ ಹರೀತಾ.

"ನನ್ನ ಸಾಗಿಸಿದವನು ನೀನೇ ಅಲ್ವಾ?" ಪಿಸುದನಿ… ಒಣಗಿದ ಗರಿ ಉಜ್ಜಿದ ಹಾಗೆ.

ಬೇರೆ ಯಾರಾದ್ರೂ ಓಡ್ತಿದ್ರು. ದಸೂಕಿಗೆ ಹೆದರಿಕೆಗಿಂತ ಸಿಟ್ಟು ಮೊದಲು ಬಂತು.

"ನಾನೇ ಕಣೇ! ಆ ದೋಣೀಲಿ ನನ್ನವ್ವ ಇರಬೇಕಿತ್ತು. ನೀನು ಸತ್ತು ಯಾವ ಕಾಲ ಆಗಿತ್ತೋ. ಅವಳು ಬದುಕಿದ್ಲು! ಕೂಗ್ತಿದ್ಲು!"

ಬಟ್ಟೆ ಹರಿಯೋದು ನಿಂತಿತು.

"ಅವಳ ಹೆಸರು?"

"ನಬವಿಯಾ."

ಅವಳು ಆ ಹೆಸರನ್ನ ಹೇಳಿಕೊಂಡಳು… ಮಕ್ಕಳು ಪಾಠ ಒಪ್ಪಿಸೋ ಹಾಗೆ, ಮತ್ತೆ ಮತ್ತೆ. ಆಮೇಲೆ ಮರದ ಕೆಳಗೆ ಯಾರೂ ಇರಲಿಲ್ಲ.

ನೀರು ಇಳಿದ ಮೇಲೆ ಮ್ಯೂಸಿಯಂನವರು ಒಂದು ಕೋಣೆಯ ಬಾಗಿಲು ಒಡೆದರು. ಕಳವಾದ ಮೇಲೆ, ನೆರೆ ದಿನವೇ ಮೊಳೆ ಹೊಡೆದು ಮುಚ್ಚಿದ್ದ ಬಾಗಿಲು. ಒಳಗೆ ಮೊಣಕಾಲುದ್ದ ಕೆಸರು, ಒಂದು ಹೆಜ್ಜೆ ಗುರುತಿಲ್ಲ. ಶಲಬಿ ಕದ್ದ ಪೆಟ್ಟಿಗೆ ಮೊದಲು ಇದ್ದ ಕಟ್ಟೆ ಮೇಲೆ… ನಮ್ಮ ದೊಡ್ಡಮ್ಮ ಮಲಗಿದ್ದಳು.

ಶಲಬಿಗೆ ಏನಾಯ್ತು ಅಂತೀರಾ? ಏನೂ ಆಗಲಿಲ್ಲ! ಅಲೆಕ್ಸಾಂಡ್ರಿಯದಲ್ಲಿ ಬಂಗಲೆ ಕಟ್ಟಿಸಿದ. ಮೆತ್ತನೆ ಹಾಸಿಗೇಲಿ ಮಲಗಿ ಸತ್ತ. ಯಾವ ದೆವ್ವವೂ ಅವನ ಬಾಗಿಲು ತಟ್ಟಲಿಲ್ಲ. ಇವತ್ತಿಗೂ ನನ್ನ ಹೊಟ್ಟೆ ಉರಿಯೋದು ಅದಕ್ಕೇ.

ಸುಳ್ಳಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವನು ನಾನು. ದೊಡ್ಡಮ್ಮನಿಗೆ ಸ್ನಾನ ಮಾಡಿಸಿದ್ದು ನಮ್ಮವ್ವ. ತಲೆಗೂದಲು ಪೂರ್ತಿ ಒಣಗಿತ್ತಂತೆ. ಯಾರೋ ಬಾಚಿ, ಸಣ್ಣ ಸಣ್ಣ ಜಡೆ ಹೆಣೆದಿದ್ದರಂತೆ. ನಮ್ಮವ್ವ ಅದನ್ನ ಬಿಚ್ಚಲಿಲ್ಲ. ಹಾಗೇ ಮಣ್ಣು ಮಾಡಿದ್ವಿ.